ಸೆರಗಿನ ಬಣ್ಣದ ಪರದೆ

ಇಳಕಲ್ಲಿನ ನೇಕಾರರ ಸಂಘದ ಕಂಪ್ಯೂಟರ್ ಪ್ರತಿದಿನ ತೌಸಿಫನಿಗೆ ಒಂದು ಪ್ರಶ್ನೆ ಕೇಳುತ್ತಿತ್ತು. ಕಪ್ಪು ಟರ್ಮಿನಲ್ ಪರದೆಯ ಮೇಲೆ ಕಡುನೀಲಿ ಅಕ್ಷರಗಳು. ಎರೆಹೊಲದಲ್ಲಿ ಚೆಲ್ಲಿದ ಕರಿಎಳ್ಳಿನ ಹಾಗೆ, ಇವೆಯೆಂದು ಗೊತ್ತು, ಕಾಣುವುದಿಲ್ಲ. ಕೊನೆಯಲ್ಲಿ ಹೌದು-ಇಲ್ಲ ಕೇಳುವ ‘ವೈ/ಎನ್’ ಮಾತ್ರ ಹಳದಿ. ಹಿಂದಿನ ಆಪರೇಟರ್ ಹೇಳಿಕೊಟ್ಟಂತೆ ತೌಸಿಫ ವೈ ಒತ್ತುತ್ತಿದ್ದ. ಎರಡು ವರ್ಷದಿಂದ ಒತ್ತುತ್ತಲೇ ಇದ್ದ. ಎರಡು ವರ್ಷದಿಂದ ತಾತ್ಕಾಲಿಕ ನೌಕರನಾಗಿಯೇ ಇದ್ದ.

ಆ ದಿನ ಮೂರು ಗಂಟೆಗೆ ಬಾಗಲಕೋಟೆಯಿಂದ ರಮಾಬಾಯಿ ಮೇಡಂ ತಪಾಸಣೆಗೆ ಬರುವವರಿದ್ದರು. ಅವನನ್ನು ಕಾಯಂ ಮಾಡುವ ಶಿಫಾರಸು ಅವರ ಕೈಯಲ್ಲಿತ್ತು. ತನ್ನ ಪರದೆ ತಾನೇ ಓದಲಾರದವನನ್ನು ಯಾರು ಕಾಯಂ ಮಾಡುತ್ತಾರೆ? ತೌಸಿಫ ಅಂದು ವೈ ಒತ್ತದೆ ಬಣ್ಣದ ಸೆಟ್ಟಿಂಗ್ ತೆರೆದ.

ಅದನ್ನು ಬಾಗಿಲು ಹಾಕಿಕೊಂಡು ಮಾಡಬೇಕಿತ್ತು. ಬಣ್ಣದ ಬಗ್ಗೆ ಅಭಿಪ್ರಾಯ ಇಲ್ಲದವರು ಆ ಊರಲ್ಲಿ ಇನ್ನೂ ಹುಟ್ಟಿಲ್ಲ.

ಗುಮಾಸ್ತ ದುಂಡೇಶ ಕುರ್ಚಿ ಸಮೇತ ಬಂದ. “ಹಸರ ಮಾಡಲೇ, ಕಣ್ಣಿಗೆ ತಂಪು. ಹಿಂದ ಹಳದಿ ಇರ್ಲಿ.”

ಪರದೆ ಮೆಂತೆಸೊಪ್ಪಿನ ಬೇಳೆಯಂತಾಯಿತು.

“ಬಿಳಿ ಮಾಡ್ರಿ, ಸ್ವಚ್ಛ ಕಾಣ್ತೈತಿ,” ಎಂದ ಕಾವಲುಗಾರ ಹನಮಪ್ಪ. ಗಡಿಬಿಡಿಯಲ್ಲಿ ಅಕ್ಷರವೂ ಬಿಳಿ, ಹಿನ್ನೆಲೆಯೂ ಬಿಳಿ. ಎಲ್ಲ ಮಾಯ.

“ಮೊದಲ ನೀಲಿನರ ಇತ್ತು,” ಎಂದ ದುಂಡೇಶ.

“ನೀ ಕುರ್ಚಿ ತಗೊಂಡು ಹೋಗೋ ಯಪ್ಪಾ,” ಎಂದ ತೌಸಿಫ.

ಎರಡೂವರೆಗೆ ಪರದೆ ಮತ್ತೆ ಮೊದಲಿನ ಕಪ್ಪು-ನೀಲಿಗೇ ಬಂದು ನಿಂತಿದ್ದಾಗ, ಸೀರೆ ಒಪ್ಪಿಸಲು ಬಂದ ಹಿರಿಯ ನೇಕಾರ್ತಿ ಚಂದವ್ವ ಇಣುಕಿದಳು. “ಕರೀ ಒಡಲಿಗೆ ನೀಲಿ ಬುಟ್ಟಾ ಹಾಕಿದ್ರ ಯಾವಾಕಿ ಉಡ್ತಾಳೋ ತಮ್ಮಾ? ಸೆರಗ ನೋಡು.” ಕೈಯಲ್ಲಿದ್ದ ಸೀರೆಯನ್ನು ಮೇಜಿನ ಮೇಲೆ ಹರವಿದಳು. ಕೆಂಪಿನಲ್ಲಿ ಬಿಳಿ ತೆನೆ. “ನಮ್ಮಜ್ಜಿ ಕಾಲದಿಂದ ಇದನ್ನ ಹತ್ತು ಮಾರು ದೂರದಿಂದ ಗುರ್ತಾ ಹಿಡೀತಾರ.”

ಸೆರಗನ್ನೇ ನೋಡಿಕೊಂಡು ತೌಸಿಫ ಬಣ್ಣ ಹೊಂದಿಸಿದ. ಅಕ್ಷರಗಳು ಎದ್ದು ಕುಳಿತವು. ಅಷ್ಟರಲ್ಲಿ ಮೇಡಂ ಬಂದೇಬಿಟ್ಟರು, ಕೆಂಪು ಪರದೆಯ ಬಿಳಿ ಅಕ್ಷರ ನೋಡಿ ತಲೆದೂಗಿದರು.

“ಇಳಕಲ್ ಆಫೀಸು ಅಂದ್ರ ಹಿಂಗಿರ್ಬೇಕು. ಶಿಫಾರಸು ಬರೀತೇನಿ. ಏನೈತಿ ಅದು, ಓದು,” ಎಂದು ಪೆನ್ನು ಹುಡುಕತೊಡಗಿದರು.

ತೌಸಿಫ ಗಟ್ಟಿಯಾಗಿ ಓದಿದ: “ಆಪರೇಟರನ ತಾತ್ಕಾಲಿಕ ಅವಧಿಯನ್ನು ಇನ್ನೊಂದು ದಿನ ಮುಂದುವರಿಸಬೇಕೆ?”



“ಅಂದ್ರ ಎರಡು ವರ್ಷ ನಿನ್ನ ನೀನ ಟೆಂಪರ್ವರಿ ಇಟ್ಕೊಂಡಿ,” ಎಂದ ದುಂಡೇಶ. “ಎನ್ ಒತ್ತಲೇ, ಕಾಯಂ ಆಗ್ತಿ.”

“ಒತ್ರಿ, ಒತ್ರಿ,” ಎಂದ ಹನಮಪ್ಪ.

ಎರಡು ವರ್ಷದ ಸಿಟ್ಟನ್ನೆಲ್ಲ ಬೆರಳಿಗೆ ತಂದು ತೌಸಿಫ ಎನ್ ಒತ್ತಿದ.

‘ಅವಧಿ ಮುಗಿಯಿತು. ಆಪರೇಟರನ ಹೆಸರು ತೆಗೆದುಹಾಕಲಾಗಿದೆ.’

ಮೇಡಂಗೆ ಪೆನ್ನು ಸಿಕ್ಕಿತ್ತು. ಪರದೆ ನೋಡಿ ಪೆನ್ನಿನ ಟೋಪಿಯನ್ನು ಮತ್ತೆ ಹಾಕಿದರು. “ನಿನ್ನ ಹೆಸರಿನವ್ರು ಇಲ್ಲಿ ಯಾರೂ ಇಲ್ಲಲ್ಲಪಾ. ಯಾರ ಸಲುವಾಗಿ ಬರೀಲಿ?”

ಚಂದವ್ವ ಸೀರೆ ಮಡಚಿಕೊಂಡು ಬಾಗಿಲ ತನಕ ಹೋದವಳು, ಅಲ್ಲಿಂದ ಒಮ್ಮೆ ತಿರುಗಿ ಪರದೆ ನೋಡಿದಳು.

“ಇಲ್ಲಿಂದನೂ ಚೊಲೊ ಕಾಣ್ತೈತಿ.”