ರವಿಕೆ ಕಣಗಳಿಗೆ ಮೋಕ್ಷ

ಬೆಳಿಗ್ಗೆ ಸ್ನಾನ ಮಾಡಿ, ಆಂಜನೇಯನ ಪಟಕ್ಕೆ ಒಂದು ತುಳಸಿ ದಳ ಏರಿಸಿ, "ಇವತ್ತೊಂದು ದಿನ ಎಡವಟ್ಟು ಮಾಡಿಸಬೇಡಪ್ಪ" ಎಂದು ಕೈಮುಗಿದ ಮೇಲೆಯೇ ನಾನು ಕತ್ತರಿ ಹಿಡಿಯುವುದು. ಆದರೂ ಆಗುವುದು ಆಗುತ್ತಲೇ ಇರುತ್ತದೆ. ನಮ್ಮಪ್ಪ ಆಂಜನೇಯ ಕಿವುಡನಲ್ಲ. ನನ್ನ ವಿಷಯದಲ್ಲಿ ಅವನಿಗೂ ಸ್ವಲ್ಪ ತಮಾಷೆ ಬೇಕಾಗಿರಬೇಕು, ಅಷ್ಟೇ.

ನಾನು ತುಮಕೂರಿನ ಒಂದು ಸಹಕಾರ ಸಂಘದಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಗುಬ್ಬಿಯಲ್ಲಿ ನಮ್ಮತ್ತೆ ತುಳಿಯುತ್ತಿದ್ದ ಹೊಲಿಗೆ ಮಷೀನು, ಅವರು ದೇವರ ಪಾದ ಸೇರಿದ ಮೇಲೆ, ದೊಡ್ಡ ಮಗಳ ಮನೆ ಅಂತ ನಮ್ಮಲ್ಲಿಗೆ ಬಂತು. ದೊಡ್ಡ ಮಗಳು, ಅಂದರೆ ನನ್ನ ಹೆಂಡತಿ, ಸೂಜಿಗೆ ದಾರ ಪೋಣಿಸುವವಳೂ ಅಲ್ಲ. ಗುಬ್ಬಿಯಲ್ಲೇ ಇರುವ ಅವಳ ತಂಗಿಗೆ ಹೊಲಿಗೆ ಬರುತ್ತದೆ, ಮಷೀನಿನ ಮೇಲೆ ಕಣ್ಣೂ ಇದೆ. ಇವರಿಬ್ಬರ ನಡುವೆ ಹೋಗಿ ಮಷೀನಿನ ಮುಂದೆ ಕೂತವನು ನಾನು. ಮೊಬೈಲಿನಲ್ಲಿ ವಿಡಿಯೋ ನೋಡಿ ಹಳೇ ಬಟ್ಟೆಯನ್ನು ಹೊಸದು ಮಾಡುವುದು, ಹಳೇ ಮರದ ಸಾಮಾನಿಗೆ ಮರುಜನ್ಮ ಕೊಡುವುದು ಎಲ್ಲ ಕಲಿತೆ. ಕೆಲಸ ಮಾಡುವ ಆಸೆಯನ್ನು ಭಗವಂತ ಧಾರಾಳವಾಗಿ ಕೊಟ್ಟ. ಕೈಚಳಕವನ್ನು ಮಾತ್ರ ತನ್ನ ಹತ್ತಿರವೇ ಇಟ್ಟುಕೊಂಡ.

ಈ ಸಲದ ಯುಗಾದಿಗೆ ಬೇವು-ಬೆಲ್ಲ ಕೈಗೆ ಹಾಕುತ್ತಲೇ ಹೆಂಡತಿ ತೀರ್ಪು ಕೊಟ್ಟಳು.

"ನೋಡಿ, ಗೌರಿ ಹಬ್ಬದವರೆಗೆ ಟೈಮು. ಅಷ್ಟರೊಳಗೆ ನೀವು ಮಾಡಿದ ಒಂದೇ ಒಂದು ಸಾಮಾನನ್ನ, ಮಾಡಿದ್ದು ನೀವು ಅಂತ ಗೊತ್ತಿಲ್ದೇ ಇರೋರು ಯಾರಾದ್ರೂ ಚೆನ್ನಾಗಿದೆ ಅನ್ಬೇಕು. ಅನ್ಲಿಲ್ಲ ಅಂದ್ರೆ ಮಷೀನು ಗುಬ್ಬಿಗೆ."

"ಗೊತ್ತಿರೋರು ಅಂದ್ರೆ ಲೆಕ್ಕಕ್ಕಿಲ್ವಾ?"

"ಗೊತ್ತಿರೋರು ನಿಮ್ಮ ಮುಖ ನೋಡಿ ಅಂತಾರೆ. ಪಾಪ ಅಂತ."

ಈ ಸಲ ಬೇವು ಸ್ವಲ್ಪ ಜಾಸ್ತಿಯೇ ಬಿದ್ದಿತ್ತು.

ಗೆಜ್ಜೆ ಕಟ್ಟಿದ ಪಂಚೆ

ಮೊದಲ ಪ್ರಯತ್ನ ರೂಮಿನ ಬಾಗಿಲಿಗೆ ಪರದೆ. ನನ್ನದೇ ಎರಡು ಹಳೇ ಪಂಚೆ ಜೋಡಿಸಿ, ಮೇಲ್ಗಡೆ ಸಾಲಾಗಿ ಸ್ಟೀಲ್ ರಿಂಗ್ ಹಾಕಿ ಹೊಲಿದೆ. ಜರಿ ಅಂಚು ಕೆಳಗೆ ಇಳಿಬಿದ್ದು ನೋಡಲು ಲಕ್ಷಣವಾಗಿಯೇ ಇತ್ತು.

ಆ ವಾರವೇ ನನ್ನ ಹೆಂಡತಿಯ ಸೋದರಮಾವ ಬಂದರು. ಕುಣಿಗಲ್ ತಾಲ್ಲೂಕಿನ ಹುಲಿಯೂರುದುರ್ಗದವರು. ತುಂಬಾ ವಯಸ್ಸಾಗಿದೆ. ಕಣ್ಣು ಮಂದ, ಭಕ್ತಿ ಚುರುಕು. ಸ್ನಾನ ಮುಗಿಸಿ ಒದ್ದೆ ಟವೆಲಿನಲ್ಲೇ ನಿಂತು ಕೂಗಿದರು: "ಅಳಿಯಂದ್ರೇ, ಮಡಿ ಪಂಚೆ ಎಲ್ಲೈತೆ?"

ನಾನು ದೇವರ ಮುಂದೆ ಗಂಧ ತೇಯುತ್ತಿದ್ದೆ. "ಬಾಗಿಲ ಹತ್ರಾನೇ ಇದೆ ಮಾವ" ಅಂದೆ. ಬಾಗಿಲ ಪಕ್ಕದ ಮೊಳೆಗೆ ಒಗೆದ ಪಂಚೆ ನೇತುಹಾಕಿದ್ದೆ.

ಸ್ವಲ್ಪ ಹೊತ್ತಿಗೆ ಝಲ್ ಝಲ್ ಎಂದು ಸದ್ದು. ಲಕ್ಷ್ಮಿಯೇ ನಡೆದು ಬರುತ್ತಿದ್ದಾಳೇನೋ ಎಂದು ಮೈ ಪುಳಕಗೊಂಡು ತಿರುಗಿದರೆ, ಮಾವ! ಸೊಂಟದ ಸುತ್ತ ಸ್ಟೀಲ್ ರಿಂಗು. ಬಾಗಿಲು ಬೋಳಾಗಿತ್ತು. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಸಂಕಲ್ಪ ಶುರು ಮಾಡಿಬಿಟ್ಟಿದ್ದರು. ಮಧ್ಯದಲ್ಲಿ ಮಾತಾಡಿಸುವುದು ಪಾಪ. ಪೂಜೆ ಮುಗಿಸಿ, ತುಳಸಿ ಕಟ್ಟೆ ಸುತ್ತಿ, ಝಲ್ ಝಲ್ ಎನ್ನಿಸಿಕೊಂಡೇ ಬಂದು ಕೂತರು.

"ಪಂಚೆ ಚೆನ್ನಾಗೈತೆ ಅಳಿಯಂದ್ರೆ. ಆದ್ರೆ ಗಂಡಸ್ರ ಪಂಚೆಗೆ ಗೆಜ್ಜೆ ಯಾಕೆ ಕಟ್ಟಿಸಿದೀರಿ?"

ನಾನು ಅಡುಗೆಮನೆಗೆ ಓಡಿದೆ. "ಕೇಳ್ಸಿಕೊಂಡ್ಯೇನೇ? ಚೆನ್ನಾಗಿದೆ ಅಂದ್ರು!"

"ಪಂಚೆ ಚೆನ್ನಾಗಿದೆ ಅಂದ್ರು. ಅದನ್ನ ನೇಯ್ದೋರು ಬೇರೆ" ಅಂದಳು ಹೆಂಡತಿ. "ನೀವು ಹಾಕಿದ್ದು ಗೆಜ್ಜೆ ಮಾತ್ರ."

ಮಾತಾಡದ ದೇವರು

ಟೀವಿಯನ್ನು ಒಳಗಿನ ರೂಮಿನ ಗೋಡೆಗೆ ತೂಗುಹಾಕಿದ ಮೇಲೆ ಹಾಲಿನಲ್ಲಿ ಹಳೇ ಟೀವಿ ಸ್ಟ್ಯಾಂಡು ಖಾಲಿ ಉಳಿಯಿತು. ಗಟ್ಟಿ ಮರ. ಬಿಸಾಡಲು ಮನಸ್ಸು ಬರಲಿಲ್ಲ. ಉಜ್ಜಿ, ಬಣ್ಣ ಬಳಿದು, ಒಳಗೆ ಸಣ್ಣ ಸೀರಿಯಲ್ ಲೈಟು ಬಿಟ್ಟು ದೇವರ ಮಂಟಪ ಮಾಡಿದೆ. ಇಲಿ ನುಗ್ಗದಿರಲಿ ಅಂತ ಮುಂದಿನ ಗಾಜಿನ ಬಾಗಿಲನ್ನು ಹಾಗೇ ಉಳಿಸಿದೆ. ಸೀತಾರಾಮ, ಲಕ್ಷ್ಮಣ, ಆಂಜನೇಯ ಎಲ್ಲರೂ ಒಳಗೆ ನಿಂತರು.

ಪಕ್ಕದ ಮನೆಯಲ್ಲಿ ಮಗಳ ಜೊತೆ ಇರುವ ಒಬ್ಬರು ಅಜ್ಜಿ ಇದ್ದಾರೆ, ಹಾಗಲವಾಡಿ ಕಡೆಯವರು. ಅಲ್ಲಿ ಅಳಿಯ ಸದಾ ಕ್ರಿಕೆಟ್ ಹಾಕಿಕೊಂಡಿರುತ್ತಾನೆಂದು ಸಂಜೆಯ ಧಾರಾವಾಹಿ ನೋಡಲು ನಮ್ಮ ಮನೆಗೇ ಬರುತ್ತಾರೆ. ಅವತ್ತೂ ಬಂದು, ತಮ್ಮ ಮಾಮೂಲಿ ಜಾಗದಲ್ಲಿ, ಸ್ಟ್ಯಾಂಡಿನ ಎದುರು ಕೂತರು. ಲೈಟು ಮಿನುಗುತ್ತಿತ್ತು. ಬಹಳ ಹೊತ್ತು ಕೈಮುಗಿದುಕೊಂಡೇ ನೋಡಿದರು. ಕೊನೆಗೆ ಕರೆದರು.

"ಮಗ, ಪಿಚ್ಚರ್ ಬೋ ಚೆನ್ನಾಗಿ ಬರ್ತೈತೆ. ಆದ್ರೆ ಸೌಂಡೇ ಇಲ್ವಲ್ಲೋ. ಸ್ವಲ್ಪ ಜಾಸ್ತಿ ಮಾಡು."

"ಅಜ್ಜಿ, ಅದು ಟೀವಿ ಅಲ್ಲ. ದೇವರ ಮಂಟಪ."

"ಅದಕ್ಕೇ ಅಡ್ವಟೈಜೂ ಬರ್ಲಿಲ್ಲ ಅನ್ನು!"

ನಾನು ಅಡುಗೆಮನೆಯ ಕಡೆ ನೋಡಿದೆ. ಒಳಗಿನಿಂದಲೇ ಉತ್ತರ ಬಂತು: "ಪಿಚ್ಚರ್ ದೇವರದು, ಡಬ್ಬ ನಿಮ್ಮದು. ಲೆಕ್ಕಕ್ಕಿಲ್ಲ."

ಅಜ್ಜಿ ಮಾತ್ರ ಇನ್ನೂ ಬೇಜಾರಿನಲ್ಲಿದ್ದರು. "ರಾಮದೇವ್ರು ಈಗ ಬಾಯಿ ಬಿಡ್ತಾನೆ, ಆಗ ಬಾಯಿ ಬಿಡ್ತಾನೆ ಅಂತ ಕಾಯ್ಕೊಂಡು ಕೂತಿದ್ನಲ್ಲಪ್ಪ."

"ಬುದ್ಧಿ ಬಂದಾಗಿಂದ ನಾನೂ ಅದನ್ನೇ ಕಾಯ್ತಿದೀನಿ ಅಜ್ಜಿ" ಅಂದೆ.

ಕತ್ತರಿ ಕೇಳಿದ ದೇವರು

ಆಮೇಲೆ ಜುಬ್ಬ. ಹೆಂಡತಿ ಉಡುವುದು ಬಿಟ್ಟಿದ್ದ ಕಾವಿ ಬಣ್ಣದ ರೇಷ್ಮೆ ಸೀರೆ ಒಂದಿತ್ತು. ಕೇಳಿಯೇ ತೆಗೆದುಕೊಂಡೆ. ಸವೆದ ಭಾಗ ಬಿಟ್ಟು ಕತ್ತರಿಸಿದ್ದರಿಂದ ಕಂಕುಳ ಹತ್ತಿರ ಬಟ್ಟೆ ಸಾಲಲಿಲ್ಲ. ಎಳೆದು ಹೊಲಿದೆ. ಕೈ ಕೆಳಗಿದ್ದಷ್ಟು ಹೊತ್ತು ಏನೂ ತೊಂದರೆ ಇರಲಿಲ್ಲ.

ಅದನ್ನು ತೊಟ್ಟು ಶನಿವಾರದ ಭಜನೆಗೆಂದು ಬೆಳ್ಳಾವಿಗೆ ಹೋದೆವು. ಗುರುತಿನವರು ಕಡಿಮೆ, ಹೊಗಳಿದರೆ ಲೆಕ್ಕಕ್ಕೆ ಬರುತ್ತದೆ ಎನ್ನುವುದು ನನ್ನ ಒಳಗಿನ ಆಸೆ. ದೇವರ ಮುಂದೆ ಇಂಥ ಆಸೆ ಇಟ್ಟುಕೊಂಡು ಹೋಗಬಾರದಿತ್ತು. ಭಜನೆ ರಂಗೇರಿತು. "ಗೋವಿಂದಾ… ಗೋವಿಂದ!" ಎಂದು ಎಲ್ಲರೂ ಎರಡೂ ಕೈ ಮೇಲೆತ್ತಿದರು. ನಾನೂ ಎತ್ತಿದೆ. ಎಲ್ಲರ ಕೈಗಳೂ ಇಳಿದವು. ನನ್ನವು ಇಳಿಯಲಿಲ್ಲ.

ಜುಬ್ಬದ ತೋಳು ಭುಜಕ್ಕೆ ಏರಿ ಕಚ್ಚಿಕೊಂಡಿತ್ತು. ಇಳಿಸಲು ಹೋದರೆ ಪ್ರಾಣ ಹೋಗುವಷ್ಟು ನೋವು. ಕಣ್ಣು ಮುಚ್ಚಿದೆ, ಮೈ ನಡುಗಿತು, ಬಾಯಿಂದ "ಸ್ವಾಮೀ…" ಎಂದು ಹೊರಟಿತು.

ಹಿಂದಿನಿಂದ ಯಾರೋ ಅಂದರು: "ಮೈಮೇಲೆ ಬಂದೈತೆ ಕಣ್ರೀ!"

ತಾಳ ಇನ್ನೂ ಜೋರಾಯಿತು. ತಲೆಯ ಮೇಲೆ ನಿಂಬೆಹಣ್ಣು ಬಂತು. ಒಬ್ಬರು ಕಾಲಿಗೇ ಬಿದ್ದು ಕೇಳಿದರು: "ಸ್ವಾಮಿ, ನಮ್ಮ ಹುಡುಗೀಗೆ ಯಾವಾಗ ಗಂಡು ಕೂಡಿಬರ್ತದೆ?"

"ಕತ್ತರಿ…" ಅಂದೆ ನಾನು. "ಮೊದಲು ಕತ್ತರಿ ತನ್ನಿ…"

ಅವರು ಎದೆ ಹಿಡಿದುಕೊಂಡು ತಮ್ಮ ಹೆಂಡತಿಯ ಕಡೆ ತಿರುಗಿದರು. "ಮುಡಿ ಹರಕೆ ಮರ್ತೇಬಿಟ್ಟಿದ್ವಲ್ಲೇ! ಹೆಂಗೆ ಕೇಳ್ತಾವ್ರೆ ನೋಡು!"

ಅಷ್ಟರಲ್ಲಿ ನನ್ನವಳು ಹೆಂಗಸರ ಸಾಲಿನಿಂದ ಎದ್ದು ಬಂದು, ಸೆರಗಿನ ಸೇಫ್ಟಿ ಪಿನ್ ತೆಗೆದು, ಎರಡೂ ಕಂಕುಳ ಹೊಲಿಗೆ ಕಿತ್ತಳು. ದೇವರು ಇಳಿದರು.

ದೇವರ ಹೆಸರಿನಲ್ಲಿ ಸುಳ್ಳು ನಿಲ್ಲಬಾರದೆಂದು ಆ ಮನುಷ್ಯನನ್ನು ಹುಡುಕಿಕೊಂಡು ಹೋಗಿ, ಕಂಕುಳು ತೋರಿಸಿ, ಇದ್ದದ್ದು ಇದ್ದಂತೆ ಹೇಳಿದೆ. "ಇರ್ಲಿ ಬುಡಿ ಸ್ವಾಮಿ, ಹರಕೆ ಬಾಕಿ ಇದ್ದದ್ದಂತೂ ದಿಟ" ಎಂದು ಇನ್ನೊಮ್ಮೆ ಕೈಮುಗಿದರು.

ಬಸ್ಸಿನಲ್ಲಿ ಹೆಂಡತಿಗೆ ಹೇಳಿದೆ: "ಏನೇ ಆಗ್ಲಿ, ಕಾಲಿಗೆ ಬಿದ್ರು ಕಣೇ."

"ಬಿದ್ರು. ಜುಬ್ಬ ಚೆನ್ನಾಗಿದೆ ಅಂದ್ರಾ?"

ಮಡಿಕೆ ಬಿಚ್ಚದ ಕಣಗಳು

ಶ್ರಾವಣ ಬಂತು. ಗೌರಿ ಹಬ್ಬ ಹತ್ತಿರವಾಯಿತು. ಗುಬ್ಬಿಯಲ್ಲಿ ತಂಗಿ ಹೊಸ ಮನೆ ಕಟ್ಟಿಸುತ್ತಿದ್ದಳು. ಅದನ್ನು ನೋಡಲು ಹೋದ ನನ್ನ ಹೆಂಡತಿ ಕೆಲವು ದಿನ ಅಲ್ಲೇ ಉಳಿದಳು. ಮಷೀನು ಇಡಲು ಕಿಟಕಿ ಪಕ್ಕ ಜಾಗವನ್ನೂ ತೋರಿಸಿದಳಂತೆ ತಂಗಿ. ಫೋನಿನಲ್ಲಿ ಅದನ್ನು ಕೇಳಿದವನೇ ಮಷೀನಿನ ಸೂಜಿಗೆ ದಾರ ಪೋಣಿಸಿದೆ.

ಬಟ್ಟೆ ಹುಡುಕಿಕೊಂಡು ಬೀರು ತೆಗೆದೆ. ಕೆಳಗಿನ ಖಾನೆಯಲ್ಲಿ ರವಿಕೆ ಕಣಗಳ ದೊಡ್ಡ ಗಂಟು. ಹಬ್ಬ, ಮದುವೆ, ಸೀಮಂತಗಳಲ್ಲಿ ಅರಿಶಿನ-ಕುಂಕುಮದ ಜೊತೆ ಬಂದವು. ಕೆಂಪು, ಹಸಿರು, ನೇರಳೆ, ಎಲ್ಲ ಬಣ್ಣವೂ ಇತ್ತು. ಒಂದರ ಮಡಿಕೆಯನ್ನೂ ಬಿಚ್ಚಿರಲಿಲ್ಲ. ಇಷ್ಟು ವರ್ಷ ಯಾರೂ ಹೊಲಿಸಿಕೊಳ್ಳದ ಬಟ್ಟೆ ಯಾರಿಗೂ ಬೇಡದ ಬಟ್ಟೆ ಎಂದು ತಿಳಿದದ್ದು ನನ್ನ ಅಜ್ಞಾನ. ಕತ್ತರಿಸಿ, ಚೌಕ ಚೌಕ ಜೋಡಿಸಿ, ಕೆಳಗೆ ಹಳೇ ಬೆಡ್‌ಶೀಟು ಕೊಟ್ಟು ಒಂದು ಕೌದಿ ಹೊಲಿದೆ. ರಾಮನಾಮ ಹೇಳಿಕೊಂಡೇ ಹೊಲಿದದ್ದರಿಂದಲೋ ಏನೋ, ಈ ಸಲ ಹೊಲಿಗೆ ನೆಟ್ಟಗೇ ಬಂತು.

ವರಮಹಾಲಕ್ಷ್ಮಿ ಹಬ್ಬದ ಸಂಜೆ, ಹೆಂಡತಿ ಒಳಗಿದ್ದಾಗ ಅದನ್ನು ದಿವಾನಿನ ಮೇಲೆ ಹಾಸಿದೆ. ಕುಂಕುಮಕ್ಕೆ ಎದುರು ಮನೆಯವರು ಬಂದರು, ಪಕ್ಕದ ಅಜ್ಜಿ ಬಂದರು. ತನ್ನ ಮನೆಯ ಪೂಜೆ ಮುಗಿಸಿ ಗುಬ್ಬಿಯಿಂದ ತಂಗಿಯೂ ಬಂದಳು. ಮೂವರೂ ಕೌದಿಯ ಮೇಲೇ ಕೂತರು. ಹೆಂಡತಿ ಕುಂಕುಮ ಕೊಟ್ಟು, ಕಣ ತರಲು ಒಳಗೆ ಹೋದಳು. ಬೀರು ಕಿರ್ರೆಂದಿತು. ಖಾನೆಗಳನ್ನು ಒಂದೊಂದಾಗಿ ತಡಕುವ ಸದ್ದು ಬಂತು.

"ರೀ," ಎಂದು ಬಾಗಿಲಿಗೆ ಬಂದಳು. "ಕೆಳಗಿನ ಖಾನೇಲಿದ್ದ ಬ್ಲೌಸ್ ಪೀಸು ಎಲ್ಲಿ?"

ನಾನು ದಿವಾನಿನ ಕಡೆ ಬೆರಳು ತೋರಿಸಿದೆ. ಮೂವರೂ ಒಟ್ಟಿಗೆ ಎದ್ದು ನಿಂತು, ಕೂತಿದ್ದ ಜಾಗ ನೋಡಿದರು.

ಮೊದಲು ಮಾತಾಡಿದ್ದು ಎದುರು ಮನೆಯವರು. "ರೀ, ಈ ನೇರಳೆ ಬಣ್ಣದ್ದು ಹೋದ ಸಲ ನಾನು ನಿಮಗೆ ಕೊಟ್ಟಿದ್ದಲ್ವಾ?"

ತಂಗಿ ಬಗ್ಗಿ ನೋಡಿದಳು. "ಇದಾ? ಇದು ನಾನು ಅಕ್ಕನಿಗೆ ಕೊಟ್ಟಿದ್ದು! ನಿನಗೇ ಅಂತ ತೆಗೆದಿಟ್ಟಿದ್ದೆ ಅಂತ ಹೇಳಿ ಕೊಟ್ಟಿದ್ದೆ. ಮೂಲೇಲಿ ಎಣ್ಣೆ ಕಲೆ ಇತ್ತು. ಇಲ್ಲೇ ಇದೆ ನೋಡಿ." ಅಕ್ಕನ ಕಡೆ ತಿರುಗಿದಳು. "ಇದು ಎದುರು ಮನೆಗೆ ಹೆಂಗೆ ಹೋಯ್ತು ಅಕ್ಕ?"

ಅಕ್ಕ ಕುಂಕುಮದ ತಟ್ಟೆ ಸರಿಮಾಡುತ್ತಿರುವಾಗ ಅಜ್ಜಿ ಕನ್ನಡಕ ಏರಿಸಿ ತಂಗಿಯನ್ನು ನೋಡಿದರು. "ಆ ಕಲೆ ನಮ್ಮನೇದು ಕಣವ್ವ. ನನ್ನ ಹರಳೆಣ್ಣೆ. ನಿನ್ನ ಸೀಮಂತಕ್ಕೆ ನಾನೇ ಅಲ್ವಾ ಇಟ್ಟಿದ್ದು?"

ಮೊದಲು ನಕ್ಕವರೂ ಅಜ್ಜಿಯೇ. ಆಮೇಲೆ ಯಾರಿಗೂ ತಡೆಯಲಾಗಲಿಲ್ಲ. "ಮನೆಯಿಂದ ಮನೆಗೆ ಹುಟ್ಟೋದು ಸಾಯೋದು, ಹುಟ್ಟೋದು ಸಾಯೋದು, ಸುಸ್ತಾಗಿದ್ವು ಪಾಪ. ಇವಕ್ಕೆ ಮೋಕ್ಷ ಕೊಟ್ಬುಟ್ಟೆ ಕಣಪ್ಪ!" ಎಂದು ನನ್ನ ತಲೆ ಸವರಿದರು.

ನಾನು ಆಸೆಯಿಂದ ಹೆಂಡತಿಯ ಮುಖ ನೋಡಿದೆ.

"ಅದು ಹೊಗಳಿಕೆ ಅಲ್ಲ, ಸಂತಾಪ" ಅಂದಳು. ಕಣದ ಬದಲು ಅಜ್ಜಿಗೂ ಎದುರು ಮನೆಯವರಿಗೂ ಬಾಳೆಹಣ್ಣು ಜಾಸ್ತಿ ಕೊಟ್ಟು ಕಳಿಸಿದಳು. "ಇದನ್ನ ನನ್ನ ಕಣ್ಣೆದುರಿಂದ ತೆಗೀರಿ ಮೊದ್ಲು."

ತಂಗಿ ಕೌದಿಯನ್ನು ಎದೆಗಪ್ಪಿಕೊಂಡಳು. "ಕೊಡಕ್ಕ, ನಾನು ತಗೊಂಡು ಹೋಗ್ತೀನಿ. ಭಾವ ಎಷ್ಟು ಪ್ರೀತಿಯಿಂದ ಹೊಲ್ದಿದಾರೆ! ಸಾಯೋವರ್ಗೂ ಇಟ್ಕೋತೀನಿ."

ಬಾಗಿನ

ಗೌರಿ ಹಬ್ಬದ ಹಿಂದಿನ ದಿನ ತಂಗಿ ಬಂದಳು. ಈ ಸಲ ಬಸ್ಸಿನಲ್ಲಲ್ಲ, ಲಗೇಜ್ ಆಟೋದಲ್ಲಿ. ಆಟೋ ಗೇಟಿನ ಹತ್ತಿರ ನಿಂತಿತು. ನಾನು ಮಷೀನು ಒರೆಸಿ, ಎಣ್ಣೆ ಬಿಟ್ಟು, ಅರಿಶಿನ ಕುಂಕುಮ ಹಚ್ಚಿ, ಹೆಣ್ಣು ಮಗಳನ್ನು ಗಂಡನ ಮನೆಗೆ ಕಳಿಸುವವನ ಹಾಗೆ ಪಕ್ಕದಲ್ಲೇ ನಿಂತಿದ್ದೆ. ಮಂಟಪದ ಗಾಜಿನ ಮುಂದೆ ಮನಸ್ಸಿನಲ್ಲೇ ಹೇಳಿದೆ: ಸ್ವಾಮಿ, ಅವಳಿಗೆ ಹೊಲಿಗೆ ಬರುತ್ತದೆ, ನನಗೆ ಬರುವುದಿಲ್ಲ. ನ್ಯಾಯ ಅವಳ ಕಡೆಗೇ ಇದೆ. ಆದರೂ ನಿನಗೆ ದಯೆ ಅನ್ನುವುದೂ ಒಂದು ಇದೆಯಲ್ಲ.

ಆಗಲೇ ಹುಲಿಯೂರುದುರ್ಗದ ಮಾವ ಬಂದರು. ಅಕ್ಕತಂಗಿಯರಿಗೆ ಅಣ್ಣತಮ್ಮಂದಿರಿಲ್ಲ. ತವರಿನ ಬಾಗಿನ ಪ್ರತಿ ವರ್ಷ ತರುವುದು ಈ ಸೋದರಮಾವನೇ. ಇಬ್ಬರಿಗೂ ಮೊರದ ಬಾಗಿನ ಕೊಟ್ಟು ಆಶೀರ್ವಾದ ಮಾಡಿದರು. ಆಮೇಲೆ ಚೀಲದಿಂದ ನ್ಯೂಸ್‌ಪೇಪರಿನಲ್ಲಿ ಸುತ್ತಿದ ಒಂದು ಗಂಟು ತೆಗೆದು ನನ್ನ ಹೆಂಡತಿಯ ಕೈಗಿಟ್ಟರು.

"ದೊಡ್ಡೋಳೆ, ಇದೂ ಇರ್ಲಿ ನಿಂಗೆ. ಯಾರೋ ಕೊಟ್ರು, ಯಾರು ಅಂತ ಗ್ಯಾನ ಇಲ್ಲ. ಕೈಲಿ ಮುಟ್ಟಿ ನೋಡ್ದೆ, ಬೋ ಚೆನ್ನಾಗೈತೆ. ಯಾವನೋ ಪುಣ್ಯಾತ್ಮ ಮನಸಿಟ್ಟು ಹೊಲ್ದವ್ನೆ."

ಹೆಂಡತಿ ಪೇಪರ್ ಬಿಚ್ಚಿದಳು. ಎಲ್ಲಕ್ಕಿಂತ ಮೇಲೆ ನೇರಳೆ ಬಣ್ಣದ ಚೌಕ. ಅದರ ಮೂಲೆಯಲ್ಲಿ ಹರಳೆಣ್ಣೆ ಕಲೆ.

ತಂಗಿ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ರಾಹುಕಾಲ ಓದುತ್ತಿದ್ದಳು.

"ಚೆನ್ನಾಗಿದೆ ಅಂದ್ರಾ ಮಾವ?" ಎಂದು ಹೆಂಡತಿ ಮೆಲ್ಲಗೆ ಕೇಳಿದಳು.

"ಚೆನ್ನಾಗೈತೆ ಅಂದ್ನಲ್ಲ! ನಂಗೆ ಕಣ್ಣು ಮಂದ, ನಿಂಗೆ ಕಿವಿ ಮಂದವಾ?"

ಹೆಂಡತಿ ತಂಗಿಯ ಕಡೆ ತಿರುಗಿದಳು. "ಸಾಯೋವರ್ಗೂ ಇಟ್ಕೋತೀನಿ ಅಂದಿದ್ಯಲ್ಲೇ?"

"ಇಟ್ಕೊಂಡಿದ್ದೆ ಕಣಕ್ಕ… ಮಾವ ಹೊಸ ಮನೆ ನೋಡೋಕೆ ಬಂದ್ರು. ಬರಿಗೈಲಿ ಹೆಂಗೆ ಕಳ್ಸೋದು?"

"ಓ, ನೀನಾ ಕೊಟ್ಟಿದ್ದು!" ಎಂದು ಮಾವ ಸಂತೋಷಪಟ್ಟರು.

ಹೊರಗೆ ಆಟೋದವನು ಹಾರ್ನ್ ಹೊಡೆದ. ಹೆಂಡತಿ ನನ್ನನ್ನು ನೋಡಿದಳು, ಮಷೀನು ನೋಡಿದಳು. "ಹೋಗೋಕೆ ಹೇಳಿ ಅವನಿಗೆ. ಮಾತು ಅಂದ್ರೆ ಮಾತು. ಮಷೀನು ಇಲ್ಲೇ ಇರುತ್ತೆ."

ನಾನು ಹೋಗಿ ಮಂಟಪದ ಮುಂದೆ ಉದ್ದಕ್ಕೆ ಅಡ್ಡಬಿದ್ದೆ. ಗಾಜಿನೊಳಗಿನ ದೇವರು ಎಂದಿನಂತೆ ಮಾತಾಡಲಿಲ್ಲ. ಆದರೆ ಅವತ್ತು ನಗುತ್ತಿದ್ದನೆಂದು ಯಾರ ಮುಂದೆ ಬೇಕಾದರೂ ಪ್ರಮಾಣ ಮಾಡಿ ಹೇಳುತ್ತೇನೆ.

ಊಟ ಮುಗಿಸಿ ಎಲ್ಲರೂ ಹೊರಟ ಮೇಲೆ ನೋಡಿದರೆ, ಹೆಂಡತಿ ಕೌದಿಯನ್ನು ಮತ್ತೆ ಅದೇ ಪೇಪರಿನಲ್ಲಿ ನೀಟಾಗಿ ಸುತ್ತುತ್ತಿದ್ದಳು.

"ಯಾಕೇ, ಹಾಸೋಲ್ವಾ? ಚೆನ್ನಾಗಿದೆ ಅಂದ್ರಲ್ಲ!"

"ಸುಮ್ನಿರಿ" ಎಂದು ಬೀರುವಿನ ಕೆಳಗಿನ ಖಾನೆಯಲ್ಲಿಟ್ಟು ಬೀಗ ಹಾಕಿದಳು. "ಕಾರ್ತಿಕದಲ್ಲಿ ಅವಳ ಮನೆ ಗೃಹಪ್ರವೇಶ. ಬರಿಗೈಲಿ ಹೆಂಗೆ ಹೋಗೋದು?"