ಏಳನೇ ಬಂಡೆಯ ಚಾರ್ಜು

ಕಡಲಬಂಡೆ ವೀಕ್ಷಣಾ ಮಂಡಳಿಯ ಅಧೀನದಲ್ಲಿ ಒಟ್ಟು ಏಳು ಬಂಡೆಗಳಿವೆ. ಈ ಸಂಗತಿ ಮಂಡಳಿಯ ಕರಪತ್ರದಲ್ಲೂ ದಾಸ್ತಾನು ಪುಸ್ತಕದಲ್ಲೂ ಹೆಬ್ಬಾಗಿಲ ಫಲಕದಲ್ಲೂ ನಮೂದಾಗಿದೆ. ಸಮುದ್ರದ ದಂಡೆಯಲ್ಲಿ ಮಾತ್ರ ಆರು ಇವೆ.

ಈ ಏಳನ್ನೂ ಕಾಯುತ್ತಿದ್ದ ಕಾವಲುಗಾರ ಮೂವತ್ತೊಂದು ವರ್ಷದಲ್ಲಿ ಒಂದನ್ನೂ ಸರಿಯಾಗಿ ನೋಡಿದವನಲ್ಲ. ಕಾವಲುಗಾರನು ಸಮುದ್ರಕ್ಕೆ ಬೆನ್ನು ಮಾಡಿ, ಜನರಿಗೆ ಮುಖ ಮಾಡಿ ನಿಲ್ಲತಕ್ಕದ್ದು ಎಂದು ನಿಯಮ ಒಂಬತ್ತು ಹೇಳುತ್ತದೆ. ನೌಕರರ ಮನೆಯವರು ವೀಕ್ಷಣೆಗೆ ಬರತಕ್ಕದ್ದಲ್ಲ, ಅದು ಸ್ಥಾನದ ದುರುಪಯೋಗ ಎಂದು ನಿಯಮ ಹದಿನಾಲ್ಕು ಹೇಳುತ್ತದೆ. ಹೀಗಾಗಿ ಅವನ ಹೆಂಡತಿಯೂ ನೋಡಿರಲಿಲ್ಲ. ರಿಟೈರಾದ ದಿನವೇ ಇಬ್ಬರೂ ಅಕ್ಕಪಕ್ಕ ನಿಂತು ಕಣ್ತುಂಬ ನೋಡೋಣ ಎಂದು ಅವನು ಮಾತು ಕೊಟ್ಟಿದ್ದ. ಅವಳು ಆ ದಿನಕ್ಕೆಂದೇ ಹೊಸ ಚಪ್ಪಲಿ ತಂದಿಟ್ಟುಕೊಂಡಿದ್ದಳು.

ನಿವೃತ್ತಿಗೆ ಮೂರು ವಾರ ಇರುವಾಗ, ಬೆಳಗ್ಗೆ ಹನ್ನೊಂದರ ಸುಮಾರಿಗೆ, ಏಳನೇ ಬಂಡೆ ಸಮುದ್ರಕ್ಕೆ ಕುಸಿದುಬಿತ್ತು. ಜನ ಹೋ ಎಂದು ಕೂಗಿದರು. ಕಾವಲುಗಾರ ನಿಯಮದಂತೆ ತಿರುಗಿ ನೋಡದೆ ಸೀಟಿ ಊದಿ, ಸಾಲು ತಪ್ಪಬಾರದೆಂದು ಎಚ್ಚರಿಸಿದ.

ಕಡೆಯ ದಿನ ಮಂಡಳಿಯ ಗುಮಾಸ್ತರು ಚಾರ್ಜ್ ವಹಿಸಿಕೊಳ್ಳುವ ಪಟ್ಟಿ ಹಿಡಿದು ಕೂತರು. ಕುರ್ಚಿ ಒಂದು, ಸೀಟಿ ಒಂದು, ಬಕೆಟ್ ಎರಡು, ಬಂಡೆ ಏಳು. ಸುಸ್ಥಿತಿಯಲ್ಲಿ ಪಡೆದಿದ್ದೇನೆ ಎಂದು ಕೆಳಗೆ, ಕೆಲಸಕ್ಕೆ ಸೇರಿದ ದಿನದ, ಅವನದೇ ಸಹಿಯಿತ್ತು.

"ಒಂದು ಬಂಡೆ ಕಮ್ಮಿ ಇದೆಯಲ್ಲಪ್ಪ."

"ಬಿದ್ದುಹೋಯ್ತು ಸಾರ್. ಪೇಪರಲ್ಲೂ ಬಂದಿತ್ತು."

"ಪೇಪರು ನಮ್ಮ ದಾಖಲೆ ಅಲ್ಲ. ಬಕೆಟ್ ಒಡೆದರೆ ಚೂರು ತಂದು ತೋರಿಸಲ್ವಾ? ಇದರದ್ದೂ ತೋರಿಸಿಬಿಡಿ."

"ಚೂರೆಲ್ಲ ಸಮುದ್ರದಲ್ಲಿದೆ ಸಾರ್."

"ಹಾಗಾದ್ರೆ ಸಮುದ್ರದಿಂದ ಒಂದು ರಸೀದಿ ತನ್ನಿ," ಎಂದರು ಗುಮಾಸ್ತರು. ಅವರು ಕೆಟ್ಟವರಲ್ಲ, ನಿಜಕ್ಕೂ ದಾರಿ ಹುಡುಕುತ್ತಿದ್ದರು.

ಒಂದು ಸಮಿತಿ ಬಂತು. ಸಮಿತಿಯವರು ಗಾಳಿ ಜೋರಾಗಿದೆಯೆಂದು ಬಸ್ಸಿನೊಳಗಿಂದಲೇ ಪರಿಶೀಲನೆ ಮುಗಿಸಿದರು. ಆಮೇಲೆ ಸುತ್ತೋಲೆ ಹೊರಟಿತು: "ಏಳನೇ ಬಂಡೆಯು ಪೂರ್ವಾನುಮತಿ ಪಡೆಯದೆ ಸ್ಥಳ ಬಿಟ್ಟಿರುವುದಾಗಿ ಹೇಳಲಾಗುತ್ತಿದ್ದು, ಇದನ್ನು ಮಂಡಳಿಯು ಒಪ್ಪಿರುವುದಿಲ್ಲ. ನೌಕರರಿಗೆ ಸಂಬಂಧಿಯಲ್ಲದ ವೀಕ್ಷಕರೊಬ್ಬರು ಸದರಿ ಬಂಡೆಯನ್ನು ಕಣ್ಣಾರೆ ಕಂಡಿರುವುದಾಗಿ ತಿಳಿಸುವವರೆಗೆ ಅದರ ಚಾರ್ಜು ಹಾಲಿ ಕಾವಲುಗಾರನಲ್ಲೇ ಮುಂದುವರಿಯತಕ್ಕದ್ದು."

ಬಂಡೆ ಇಲ್ಲದ ಜಾಗಕ್ಕೆ ಕಟಕಟೆ ಹಾಕಿದರು. "ಏಳನೇ ಬಂಡೆ. ಹತ್ತಬಾರದು" ಎಂಬ ಫಲಕ ಬಂತು. ಯಾರೂ ಹತ್ತಲಿಲ್ಲವಾದ್ದರಿಂದ ಶಿಸ್ತು ಸುಧಾರಿಸಿದೆಯೆಂದು ವರದಿಯಾಯಿತು. ಆದರೆ ಬಂದವರೆಲ್ಲ "ಇಲ್ಲೇನೂ ಇಲ್ವಲ್ಲ" ಎಂದೇ ಹೇಳಿಹೋಗುತ್ತಿದ್ದರು. ಅಂಥ ಹೇಳಿಕೆಗೆ ಪಟ್ಟಿಯಲ್ಲಿ ಕಲಂ ಇರಲಿಲ್ಲ. ಎರಡು ತಿಂಗಳು ಕಳೆಯಿತು.

"ಇನ್ನೆಷ್ಟು ದಿನ ರೀ?" ಎಂದು ಹೆಂಡತಿ ಕೇಳಿದಳು.

"ಯಾರಾದ್ರೂ ಕಂಡೆ ಅನ್ನೋವರೆಗೆ ಕಣೇ."

ಅವಳು ಆ ಹೊಸ ಚಪ್ಪಲಿ ತೆಗೆದು ಹೊರಗಿಟ್ಟಳು. ಮಾರನೆಯ ದಿನ ನೋಡಿದರೆ ವೀಕ್ಷಕರ ಸಾಲಿನಲ್ಲಿ ನಿಂತಿದ್ದಾಳೆ! 'ಮಂಡಳಿಯ ಯಾವ ನೌಕರನಿಗೂ ನಾನು ಸಂಬಂಧಿಯಲ್ಲ' ಎಂಬ ನಮೂನೆಗೆ ಅವಳು ಒಂದಿಷ್ಟೂ ಯೋಚಿಸದೆ ಸಹಿ ಹಾಕಿದಳು. ಸ್ವಲ್ಪವಾದರೂ ಯೋಚಿಸಬಹುದಿತ್ತು ಎಂದು ಕಾವಲುಗಾರನಿಗೆ ಬೇಸರವಾಯಿತು.

ಅವಳು ಕಟಕಟೆ ಹಿಡಿದು ಅವನ ಹೆಗಲಾಚೆ ಕಣ್ಣು ಹಾಯಿಸಿದಳು. ಮುಖ ಅರಳಿತು. ಕಾವಲುಗಾರ ಆ ಮುಖವನ್ನೇ ನೋಡಿದ. ಇಷ್ಟು ವರ್ಷ ತನ್ನ ಬೆನ್ನ ಹಿಂದೆ ಇಂಥದ್ದು ಇತ್ತೇ ಎಂದುಕೊಂಡ. ಅವಳು ಬೆರಳು ಮಡಚುತ್ತ ಆರರವರೆಗೆ ಎಣಿಸಿ ನಿಂತಳು. ಪಕ್ಕದಲ್ಲೇ ಗುಮಾಸ್ತರು ಪಟ್ಟಿ ಹಿಡಿದಿದ್ದರು.

"ಏಳನೇದು ಯಾವುದಪ್ಪಾ?" ಎಂದು ಗಂಡನನ್ನೇ ಅಪರಿಚಿತನನ್ನು ಕೇಳುವಂತೆ ಕೇಳಿದಳು.

ಅವನು ತಿರುಗದೆಯೇ ಹಿಂದಕ್ಕೆ ಕೈ ತೋರಿಸಿದ. "ಇದೇ ನೋಡೀಮ್ಮಾ."

ಅವಳು ಬರಿಯ ಆಕಾಶವನ್ನು ಅಡಿಯಿಂದ ಮುಡಿಯವರೆಗೆ ನಿಧಾನವಾಗಿ ನೋಡಿದಳು. "ಅಬ್ಬಾ! ಎಲ್ಲಕ್ಕಿಂತ ಇದೇ ಚೆನ್ನಾಗಿದೆ."

ಗುಮಾಸ್ತರ ಕಣ್ಣಲ್ಲಿ ನೀರು ಬಂತು. "ಬಂಡೆ ಏಳು, ಹಾಜರು" ಎಂದು ಬರೆದು ಅಲ್ಲೇ ಬಿಡುಗಡೆ ಪತ್ರ ಕೊಟ್ಟರು. ಹೊಸ ಕಾವಲುಗಾರ ಬಂದು, ಸುಸ್ಥಿತಿಯಲ್ಲಿ ಪಡೆದಿದ್ದೇನೆಂದು ಸಹಿ ಹಾಕಿ, ಸಮುದ್ರಕ್ಕೆ ಬೆನ್ನು ಮಾಡಿ ನಿಂತ.

ಹಳೆಯ ಕಾವಲುಗಾರ ಕಟಕಟೆಯ ಈಚೆಗೆ ಬಂದು, ಹೆಂಡತಿಯ ಪಕ್ಕ ನಿಂತು, ಮೊದಲ ಸಲ ಸಮುದ್ರದ ಕಡೆ ತಿರುಗಿದ. ಕೂಡಲೇ ಸೀಟಿ ಕೇಳಿಸಿತು.

"ಇವರು ನಿಮಗೇನಾಗಬೇಕಮ್ಮಾ?" ಎಂದ ಹೊಸಬ.

ಅವಳು ಗುಮಾಸ್ತರ ಕೈಲಿದ್ದ ತನ್ನ ನಮೂನೆಯನ್ನೊಮ್ಮೆ ನೋಡಿದಳು. "ಏನೂ ಆಗಬೇಕಿಲ್ಲ."

"ಹಾಗಾದ್ರೆ ಮಧ್ಯೆ ಎರಡಡಿ ಜಾಗ ಬಿಟ್ಟು ನಿಲ್ಲಿ."

ಅವರು ಎರಡಡಿ ಜಾಗ ಬಿಟ್ಟು ನಿಂತು, ಸಂಜೆಯವರೆಗೂ ಏಳನೇ ಬಂಡೆಯನ್ನು ನೋಡಿದರು.