ವೆಂಡಲಿನ್ ಚಕ್ರ ಬದಲಿಸಿದ್ದು

ನವೆಂಬರ್ ಒಂದು, ಸಂತರ ಹಬ್ಬ. ಬೆಳಗ್ಗೆ ಎದ್ದು ನೋಡಿದರೆ ಹಿಮ ಬಿದ್ದಿತ್ತು. ದರ್ಜಿ ವೆಂಡಲಿನ್ ಕೆಸ್ಲರನ ಗ್ರಹಚಾರ ಕೆಡಲು ಅಷ್ಟೇ ಸಾಕಾಯಿತು.

ಅವನ ಹೆಂಡತಿ ರೋಸ್ವಿತಾ ಫೆಬ್ರವರಿಯಲ್ಲಿ ತೀರಿಕೊಂಡಿದ್ದಳು. ಬೆಟ್ಟದ ಮೇಲಿನ ತವರೂರಲ್ಲಿ ಅವಳ ಸಮಾಧಿ. ಈ ದಿನ ಮಧ್ಯಾಹ್ನ ಎರಡಕ್ಕೆ ಪಾದ್ರಿಗಳು ಒಂದೊಂದೇ ಸಮಾಧಿಗೆ ತೀರ್ಥ ಚಿಮುಕಿಸುತ್ತ ಬರುತ್ತಾರೆ. ಆಗ ಪಕ್ಕದಲ್ಲಿ ಮನೆಯವರು ಯಾರಾದರೂ ನಿಂತಿರಬೇಕು. ರೋಸ್ವಿತಾಗೆ ವೆಂಡಲಿನ್ ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

ಹಬ್ಬವಾದ್ದರಿಂದ ಬಸ್ಸಿಲ್ಲ. ಕಾರೇನೋ ಇತ್ತು. ಆದರೆ ಹಿಮದಲ್ಲಿ ಬೆಟ್ಟ ಹತ್ತಲು ಜಾರದಂಥ ಚಳಿಗಾಲದ ಚಕ್ರಗಳೇ ಬೇಕು. ಈಸ್ಟರ್‌ಗೆ ಬೇಸಿಗೆಯವು, ಹಿಮಕ್ಕೆ ಮೊದಲು ಚಳಿಗಾಲದವು, ಹೀಗೆ ಋತು ನೋಡಿ ಚಕ್ರ ಬದಲಿಸುವುದು ರೋಸ್ವಿತಾಳ ಕೆಲಸವಾಗಿತ್ತು. ಕಾಫಿ ಲೋಟ ಹಿಡಿದು ನಿಲ್ಲುವುದಷ್ಟೇ ವೆಂಡಲಿನ್ನನದು. ಅವನು ನೆಲಮಾಳಿಗೆಗೆ ಇಳಿದು, ಗೋಣಿ ಹೊದ್ದು ಮಲಗಿದ್ದ ನಾಲ್ಕು ಚಕ್ರಗಳನ್ನು ಉರುಳಿಸಿಕೊಂಡು ಬಂದ.

ಜಾಕ್ ಇಟ್ಟು ತಿರುಗಿಸಿದ. ಕಾರು ಏಳಲಿಲ್ಲ, ಜಾಕೇ ಇಳಿಯಿತು.

"ಏನ್ರೀ ಕೆಸ್ಲರ್ ಅವ್ರೇ!" ಬೇಲಿಯ ಮೇಲಿಂದ ಕೂಗಿದವನು ಪಕ್ಕದ ಮನೆಯ ಎಗ್ಬರ್ಟ್, ನಿವೃತ್ತ ಟ್ರಾಮ್ ಚಾಲಕ. "ಹುಲ್ಲಿನ ಮೇಲೆ ಜಾಕ್ ಇಡ್ತಾರಾ? ಗಂಜಿಗೆ ಸೌಟು ಇಳಿದ ಹಾಗೆ ಇಳೀತಾ ಇದೆ. ಗಟ್ಟಿ ನೆಲಕ್ಕೆ ತನ್ನಿ. ಹ್ಯಾಂಡ್‌ಬ್ರೇಕ್ ಎಳೆದ್ರಾ?"

"ಎಳೀಬೇಕಾ?"

"ದೇವ್ರೇ!" ಎನ್ನುತ್ತ ಎಗ್ಬರ್ಟ್ ಬೇಲಿ ದಾಟಿಯೇ ಬಂದ. "ಮೊದಲು ಬೋಲ್ಟ್ ಸಡಿಲ ಮಾಡಿ, ಆಮೇಲೆ ಎತ್ತಿ. ಬಿಚ್ಚಿದ ಚಕ್ರಾನ ಕಾರಿನ ಕೆಳಗೆ ಮಲಗಿಸಿ. ಜಾಕ್ ಜಾರಿದ್ರೂ ಕಾರು ಅದರ ಮೇಲೆ ಬೀಳತ್ತೆ, ನಿಮ್ಮ ಮೇಲಲ್ಲ."

ಬೋಲ್ಟು ಜಪ್ಪಯ್ಯ ಎನ್ನಲಿಲ್ಲ. ವೆಂಡಲಿನ್ ಸ್ಪ್ಯಾನರಿನ ಮೇಲೆ ಹತ್ತಿ ನಿಂತು, ಹಗ್ಗದ ಮೇಲಿನ ಕೋಳಿಯಂತೆ ಕೈ ಬಡಿದ. ಠಣ್ಣೆಂದು ಸ್ಪ್ಯಾನರ್ ಹಾರಿತು. ಎದುರು ಮನೆಯ ಕಿಟಕಿ ತೆರೆಯಿತು.

"ಇವತ್ತು ಯಾವ ದಿನ ಅಂತ ಗೊತ್ತಿದೆಯಾ?" ಹಿರ್ಜೆಲ್ ಅಮ್ಮನ ದನಿ. "ಹಬ್ಬದ ದಿನ ಕೆಲ್ಸ, ಅದೂ ಇಷ್ಟು ಸದ್ದು! ಪೊಲೀಸರಿಗೆ ಫೋನ್ ಮಾಡ್ಲಾ? ಸತ್ತವರಿಗೂ ನೆಮ್ಮದಿ ಇಲ್ಲ!"

"ಸತ್ತವಳ ಹತ್ರ ಹೋಗೋಕ್ಕೇ ಕಣಮ್ಮ ಇದು," ಎಂದ ವೆಂಡಲಿನ್.

ಕಿಟಕಿ ಮುಚ್ಚಿತು. ಸ್ವಲ್ಪ ಹೊತ್ತಿಗೆ ಆಕೆ ಹಳೆಯ ರಜಾಯಿಯೊಂದನ್ನು ಹೊತ್ತು ಬಂದು ನೆಲಕ್ಕೆ ಹಾಸಿದಳು. "ಬೋಲ್ಟನ್ನ ಇದರ ಮೇಲೆ ಬೀಳಿಸಿ. ಮೆತ್ತಗೆ."

ಆಮೇಲೆ ಮೂವರೂ ಕಳ್ಳರಂತೆ ಪಿಸುಗುಟ್ಟುತ್ತ ಕೆಲಸ ಮಾಡಿದರು. ಒಮ್ಮೆ ಜಾಕ್ ವಾಲಿತು; ಹಿರ್ಜೆಲ್ ಅಮ್ಮ ಚೀರಲೂ ಆಗದೆ ಸೆರಗಿಲ್ಲದ್ದಕ್ಕೆ ಏಪ್ರನ್ನನ್ನೇ ಬಾಯಿಗೆ ತುರುಕಿಕೊಂಡಳು. ಎಲ್ಲರ ಕಣ್ಣೂ ಜಾಕ್ ಮೇಲೆಯೇ. ಚಕ್ರದ ಮುಖವನ್ನು ಯಾರೂ ನೋಡಲಿಲ್ಲ.

ಕೊನೆಗೆ ನಾಲ್ಕೂ ಕೂತವು. ವೆಂಡಲಿನ್ ಮಸಿ ಕೈಯನ್ನು ಹಿಮದಲ್ಲಿ ಉಜ್ಜಿ, ಕಪ್ಪು ಕೋಟು ತೊಟ್ಟು ಕಾರು ಹೊರಡಿಸಿದ. ಇಳಿಜಾರಿನಲ್ಲಿ ಬ್ರೇಕ್ ಒತ್ತಿದ. ಕಾರು ನಿಲ್ಲಲಿಲ್ಲ. ಮದುವೆ ಮನೆಯ ಅಜ್ಜಿಯಂತೆ ನಿಧಾನವಾಗಿ ಒಂದು ಸುತ್ತು ತಿರುಗಿ, ಹಿರ್ಜೆಲ್ ಅಮ್ಮನ ಗೇಟಿಗೆ ಒರಗಿಕೊಂಡಿತು.

"ನನ್ನ ಗೇಟು!"

ಎಗ್ಬರ್ಟ್ ಮಂಡಿಯೂರಿ ಚಕ್ರ ಸವರಿದ. ಎದ್ದು ಹೋಗಿ, ಗೋಡೆಗೆ ಒರಗಿಸಿದ್ದ ಬಿಚ್ಚಿದ ಚಕ್ರಗಳನ್ನೂ ಸವರಿದ. ಅವುಗಳ ಪಕ್ಕೆಯಲ್ಲಿ ಚಳಿಗಾಲದ ಚಕ್ರಕ್ಕೆ ಒತ್ತುವ ಹಿಮದ ಹರಳಿನ ಗುರುತಿತ್ತು.

"ಕೆಸ್ಲರ್ ಅವ್ರೇ, ಈ ಸಲ ಈಸ್ಟರ್‌ಗೆ ಬೇಸಿಗೆ ಚಕ್ರ ಹಾಕಿದ್ಯಾರು?"

"ಈಸ್ಟರ್‌ಗಾ? ಯಾರೂ ಹಾಕಲಿಲ್ಲ. ರೋಸ್ವಿತಾ ಇರ್ಲಿಲ್ವಲ್ಲ..."

ಆಡಿದ ಮಾತು ಅವನಿಗೆ ತಡವಾಗಿ ಕೇಳಿಸಿತು. ಕಳೆದ ವರ್ಷ ಅವಳು ಹಾಕಿದ್ದ ಚಳಿಗಾಲದ ಚಕ್ರಗಳು ಬೆಳಗಿನವರೆಗೂ ಕಾರಿನಲ್ಲೇ ಇದ್ದವು. ಕೀಲಿ ತಿರುಗಿಸಿ ಹೊರಟಿದ್ದರೆ ಸಾಕಿತ್ತು.

ಚರ್ಚಿನ ಗಂಟೆ ಎರಡು ಹೊಡೆಯಿತು. ಹಿರ್ಜೆಲ್ ಅಮ್ಮ ಗೇಟು ಮರೆತು ರಜಾಯಿ ತರಲು ಹೋದಳು.

"ಬನ್ನಿ, ಮತ್ತೆ ಬದಲಿಸೋಣ," ಎಂದ ಎಗ್ಬರ್ಟ್. "ತೀರ್ಥ ಆಗಿರತ್ತೆ, ಆದ್ರೂ ಹೋಗಿ ಬರಬಹುದು. ಈಗ ಕೆಲ್ಸ ಗೊತ್ತಾಯ್ತಲ್ಲ."

ವೆಂಡಲಿನ್ ಕಾರಿಳಿದು ಬಂದು ಬಿಚ್ಚಿದ ಚಕ್ರವೊಂದರ ಮೇಲೆ ಕೂತ.

"ಹಾಕೋದೇನೋ ಹಾಕಬಹುದು, ಎಗ್ಬರ್ಟ್," ಎಂದ. "ಅವಳು ಬಿಗಿದಿದ್ದನ್ನ ನಾನು ಬಿಚ್ಚಿಬಿಟ್ಟೆನಲ್ಲ."